ಹಿಮಯುಗ ಬರುವುದೇ?

1975ರ ಏಪ್ರಿಲ್‌ನಲ್ಲಿ ಅಮೆರಿಕದ ‘ನ್ಯೂಸ್‌ವೀಕ್’ ಭೂಮಿ ತಣ್ಣಗಾಗುತ್ತಿದೆಯೆಂದು ಬರೆದಿತ್ತು. “ಅಂದು ಹಿಮಯುಗವೆಂದರು, ಇಂದು ಬಿಸಿಯೆನ್ನುತ್ತಾರೆ; ಯಾವುದನ್ನು ನಂಬೋಣ ಮೇಷ್ಟ್ರೇ?” ಎಂದು ಇಂದಿಗೂ ಕೇಳುವವರುಂಟು. ಸಂದೇಹ ಸಹಜವೇ. ಆದರೆ 1965ರಿಂದ 1979ರವರೆಗಿನ ಹವಾಮಾನ ಪ್ರಬಂಧಗಳನ್ನು ಸಂಶೋಧಕರು 2008ರಲ್ಲಿ ಎಣಿಸಿ ನೋಡಿದಾಗ, ತಂಪನ್ನು ಸೂಚಿಸಿದವು 7, ಬಿಸಿಯನ್ನು ಸೂಚಿಸಿದವು 44. ಗದ್ದಲವೆಲ್ಲ ಪತ್ರಿಕೆಗಳದೇ!

ಹಿಮಯುಗವೇನೂ ಕಟ್ಟುಕಥೆಯಲ್ಲ. ಭೂಮಿಯ ಕಕ್ಷೆಯ ಆಕಾರವೂ ಅಕ್ಷದ ಓಲುವಿಕೆಯೂ ಮೆಲ್ಲನೆ ಬದಲಾದಂತೆ ಹಿಮ ಹಬ್ಬುವುದನ್ನೂ ಸರಿಯುವುದನ್ನೂ ಸರ್ಬಿಯಾದ ಮಿಲಾಂಕೊವಿಚ್ ಗಣಿತದಿಂದ ವಿವರಿಸಿದ್ದರು. ಅದೆಲ್ಲ ಹತ್ತಾರು ಸಾವಿರ ವರ್ಷಗಳ ಲೆಕ್ಕ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 280 ಭಾಗದಿಂದ 420 ದಾಟಲು ಮುನ್ನೂರು ವರ್ಷವೂ ಹಿಡಿಯಲಿಲ್ಲ. ಮುಂದಿನ ಹಿಮಯುಗ ಬಂದು ಎಲ್ಲವನ್ನೂ ಸರಿದೂಗಿಸೀತೆನ್ನುವ ಮಿತ್ರರೊಬ್ಬರಿಗೆ ಆರು ವರ್ಷದ ಮೊಮ್ಮಗಳಿದ್ದಾಳೆ. ಅವಳು ಅಷ್ಟು ಕಾಲ ಕಾಯಲಾರಳು.