ಇದ್ಯಾವ ವಿಮಾನ, ಹೇಳ್ರೋ ನೋಡೋಣ

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಮಂಚ, ಮೂರು ಪ್ಲಗ್ ಪಾಯಿಂಟ್ ಮತ್ತು ಒಂದು ಆಟ ಇದೆ. ಆಟದ ರೂಲ್ಸ್ ಸಿಂಪಲ್. ಒಬ್ಬ ಯಾವುದಾದ್ರೂ ಹಳೇ ಯುದ್ಧವಿಮಾನದ ಕಪ್ಪು-ಬಿಳುಪು ಫೋಟೋ ತೋರಿಸ್ತಾನೆ. 1918ರ ಒಳಗಿನದ್ದೇ ಆಗಿರಬೇಕು. ಉಳಿದವರು ಅದು ಯಾವ ವಿಮಾನ ಅಂತ ಹೇಳಬೇಕು. ಮೊದಲು ಸರಿ ಹೇಳಿದವನು ಮುಂದಿನ ಫೋಟೋ ತರಬೇಕು. ಯಾರಿಗೂ ಗೊತ್ತಾಗದಿದ್ರೆ ಫೋಟೋ ತಂದವನಿಗೆ ಉಳಿದ ಮೂರು ಜನ ಸೇರಿ ಮೆಸ್ ಹಿಂದಿನ ಅಂಗಡಿಯಲ್ಲಿ ಟೀ, ಬನ್ ಕೊಡಿಸಬೇಕು. ಮೊಬೈಲಲ್ಲಿ ಹುಡುಕಿದ್ರೆ ಡಬಲ್ ಟೀ.

ಈ ಲೇಖನದಲ್ಲಿ 'ನಾವು' ಅಂದ್ರೆ ಮೂರು ಜನ. ಮೂರೂ ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಹಾಗಾಗಿ ಒತ್ತಕ್ಷರ ತಪ್ಪಿದ್ರೆ ಸಂಪಾದಕರು ತಿದ್ದಿಕೊಳ್ಳಲಿ. ನಾಲ್ಕನೆಯವನು ಆಟ ಶುರು ಮಾಡಿದವನು. ಹಾಸ್ಟೆಲ್ ಸಂಪ್ರದಾಯದ ಪ್ರಕಾರ ಅವನ ಹೆಸರು ಅವನ ಊರು: ದಾವಣಗೆರೆ.

ಫಸ್ಟ್ ಇಯರಲ್ಲಿ ಒಂದು ರಾತ್ರಿ ಕರೆಂಟ್ ಹೋಗಿತ್ತು. "ಎಂಜಿನ್ನೇ ತಿರುಗೋ ವಿಮಾನ ನೋಡಿದ್ದೀರೇನ್ರೋ?" ಅಂತ ದಾವಣಗೆರೆ ಕೇಳಿದ. ನಾವು ನಕ್ವಿ. ಎಂಜಿನ್ ಫ್ಯಾನ್ ತಿರುಗಿಸುತ್ತೆ, ತಾನೇ ಯಾಕೆ ತಿರುಗುತ್ತೆ? ಆಗ ಅವನು ರೋಟರಿ ಎಂಜಿನ್ ವಿಷಯ ಹೇಳಿದ. ಕ್ರ್ಯಾಂಕ್‌ಶಾಫ್ಟ್ ವಿಮಾನಕ್ಕೆ ಗಟ್ಟಿಯಾಗಿ ಬಿಗಿದಿರುತ್ತೆ. ಸಿಲಿಂಡರ್‌ಗಳೆಲ್ಲ ಪ್ರೊಪೆಲ್ಲರ್ ಜೊತೆಗೇ ಗಿರಗಿರ ಸುತ್ತುತ್ತವೆ. ಸುತ್ತುವಾಗ ತಮ್ಮಷ್ಟಕ್ಕೆ ತಾವೇ ತಣ್ಣಗಾಗುತ್ತವೆ, ಅದೇ ಅದರ ಲಾಭ. ಎಣ್ಣೆ ಯಾವುದು ಗೊತ್ತಾ? ಹರಳೆಣ್ಣೆ! ಅದೂ ವಾಪಸ್ ಬರಲ್ಲ, ಹೊಗೆಯ ಜೊತೆ ಹೊರಗೆ ಹೋಗಿ ಪೈಲಟ್ ಮುಖಕ್ಕೆ ಹಾರುತ್ತೆ. ಅದನ್ನ ಉಸಿರಾಡಿ ಪೈಲಟ್‌ಗಳಿಗೆ ಹೊಟ್ಟೆ ಕೆಡ್ತಿತ್ತು ಅಂತ ಕಥೆಗಳಿವೆ. ಅಜ್ಜಿ ಕೈಲಿ ಹರಳೆಣ್ಣೆ ಕುಡಿದ ನಮಗೆ ಆ ಕಥೆ ನಂಬೋಕೆ ಕಷ್ಟವೇ ಆಗಲಿಲ್ಲ.

ಮೊದಮೊದಲು ನಮಗೆ ಎಲ್ಲವೂ ಒಂದೇ ಥರ ಕಾಣ್ತಿತ್ತು. ಕಡ್ಡಿ, ಬಟ್ಟೆ, ತಂತಿ, ಎರಡು ಸೈಕಲ್ ಚಕ್ರ. ಮೂರಂತಸ್ತಿನ ರೆಕ್ಕೆ ಕಂಡ್ರೆ ಸಾಕು, "ಫೊಕರ್! ರಿಕ್ಟೋಫನ್!" ಅಂತ ಕಿರುಚ್ತಿದ್ವಿ. ದಾವಣಗೆರೆ ತಲೆ ಅಲ್ಲಾಡಿಸ್ತಿದ್ದ. 1917ರಲ್ಲಿ ಬ್ರಿಟಿಷ್ ನೌಕಾದಳದ ಸಾಪ್‌ವಿತ್ ಟ್ರೈಪ್ಲೇನ್ ನೋಡಿದ ಮೇಲೇ ಜರ್ಮನರಿಗೆ ಮೂರು ರೆಕ್ಕೆಯ ಹುಚ್ಚು ಹಿಡಿದದ್ದು. ಹಾಗಾಗಿ ಮೊದಲು ಬಾಲ ನೋಡಬೇಕು. ಫೊಕರ್‌ಗೆ ಅಲುಗಾಡದ ಫಿನ್ ಇಲ್ಲ, ಅಲ್ಪವಿರಾಮದ ಆಕಾರದ ರಡ್ಡರ್ ಮಾತ್ರ. ಚಕ್ರಗಳ ನಡುವಿನ ಅಚ್ಚಿಗೂ ಒಂದು ಪುಟ್ಟ ರೆಕ್ಕೆ. ಸಾಪ್‌ವಿತ್‌ಗೆ ಮೂರೂ ರೆಕ್ಕೆಯಲ್ಲಿ ಐಲರಾನ್, ಫೊಕರ್‌ಗೆ ಮೇಲಿನದ್ದರಲ್ಲಿ ಮಾತ್ರ. ಇಷ್ಟು ಕಲಿಯೋಕೆ ನಮಗೆ ಆರು ಟೀ ಖರ್ಚಾಯ್ತು.

ಟಾಬೆ ಇನ್ನೂ ಮೋಸ. ಪಾರಿವಾಳದ ಥರ ರೆಕ್ಕೆ ಇರೋದ್ರಿಂದ ಮಕ್ಕಳೂ ಗುರುತು ಹಿಡೀತಾರೆ. ಹೆಸರಿನ ಅರ್ಥವೂ ಪಾರಿವಾಳ ಅಂತಲೇ. ಆದ್ರೆ ಆಸ್ಟ್ರಿಯಾದ ಇಗೊ ಎಟ್ರಿಚ್ ಆ ಆಕಾರ ತಗೊಂಡಿದ್ದು ಹಕ್ಕಿಯಿಂದಲ್ಲ, ಗಾಳಿಯಲ್ಲಿ ತೇಲುವ ಒಂದು ಬಳ್ಳಿಯ ಬೀಜದಿಂದ. 1911ರ ನವೆಂಬರ್ 1ರಂದು ಲಿಬಿಯಾದಲ್ಲಿ ಇಟಲಿಯ ಗವೋಟ್ಟಿ ಕೈಯಿಂದ ಬಾಂಬ್ ಎಸೆದದ್ದು ಟಾಬೆಯಿಂದಲೇ. ಯುದ್ಧದಲ್ಲಿ ವಿಮಾನದಿಂದ ಬಿದ್ದ ಮೊದಲ ಬಾಂಬ್ ಅದು. ಪಾರಿವಾಳದಿಂದ! ನಾವು "ಟಾಬೆ" ಅಂತ ಜೋರಾಗಿ ಹೇಳಿದ್ವಿ. "ಯಾರ ಟಾಬೆ?" ಅಂದ ಅವನು. ಎಟ್ರಿಚ್, ರಂಪ್ಲರ್, ಗೋಥಾ, ಆಲ್ಬಟ್ರೋಸ್, ಎಲ್ಲರೂ ಟಾಬೆ ಮಾಡಿದ್ದಾರೆ. ಮತ್ತೆ ಟೀ.

ನಾವು ಒಮ್ಮೆ ಗೆದ್ದಿದ್ದೂ ಇದೆ. ಪ್ರೊಪೆಲ್ಲರ್‌ನ ಮುಂದೆ, ಹೌದು ಮುಂದೆ, ಒಂದು ಡಬ್ಬಿಯಲ್ಲಿ ಮನುಷ್ಯ ಕೂತಿರೋ ಫೋಟೋ ತಂದಿದ್ದ. ತಿರುಗೋ ಪ್ರೊಪೆಲ್ಲರ್ ನಡುವಿನಿಂದ ಗುಂಡು ಹಾರಿಸೋ ಉಪಾಯ ಬ್ರಿಟಿಷರ, ಫ್ರೆಂಚರ ಕೈಗೆ ಇನ್ನೂ ಸಿಗದ 1915ನೇ ಇಸವಿ. ಹಾಗಿದ್ರೆ ಗನ್ ಹಿಡಿದವನನ್ನೇ ಮುಂದೆ ಕೂರಿಸೋಣ ಅಂದುಕೊಂಡ್ರು. ಬೆನ್ನ ಹಿಂದೆ ಪ್ರೊಪೆಲ್ಲರ್, ಅದರ ಹಿಂದೆ ಎಂಜಿನ್. ಇಳಿಯುವಾಗ ವಿಮಾನ ಮೂಗು ಕುಕ್ಕಿದ್ರೆ ಅವನ ಗತಿ ಏನು ಅಂತ ಡಿಸೈನ್ ಮಾಡಿದವರು ಯೋಚಿಸಿದ್ರೋ ಇಲ್ಲವೋ. ಈ ಐಡಿಯಾ ಎರಡು ದೇಶಕ್ಕೆ ಬಂದಿತ್ತು. ಬ್ರಿಟಿಷರ ಬಿ.ಇ.9, ಒಂದೇ ಒಂದು ಕಟ್ಟಿ ಬಿಟ್ಟರು. ಫ್ರೆಂಚರ ಸ್ಪ್ಯಾಡ್ ಎ.2 ಮಾತ್ರ ನಿಜವಾಗಿ ಯುದ್ಧಕ್ಕೆ ಹೋಯ್ತು, ರಷ್ಯಾಕ್ಕೂ ಕೆಲವು ಹೋದವು. ನಾವು ಎಂಜಿನ್ ನೋಡಿದ್ವಿ. ಸ್ಪ್ಯಾಡ್‌ನದ್ದು ರೋಟರಿ, ಬಿ.ಇ.9ದು ವಿ-8. ಫೋಟೋದಲ್ಲಿ ದುಂಡಗೆ ಏನೂ ಇರಲಿಲ್ಲ. "ಬಿ.ಇ.9" ಅಂದ್ವಿ. ದಾವಣಗೆರೆ ಎದ್ದು ಕೈ ಕುಲುಕಿದ. ಸೆಮಿಸ್ಟರ್ ರಿಸಲ್ಟ್ ಬಂದಾಗಲೂ ನಮಗೆ ಅಷ್ಟು ಖುಷಿ ಆಗಿರಲಿಲ್ಲ (ರಿಸಲ್ಟೂ ಹಾಗೇ ಇತ್ತು ಬಿಡಿ).

ಈಗ ಹೇಳಬೇಕಾದ ವಿಷಯಕ್ಕೆ ಬರ್ತೀವಿ. ಅವನನ್ನ ಕೇಳಿಯೇ ಬರೀತಿದ್ದೀವಿ.

ಹೋದ ತಿಂಗಳು ನಮ್ಮಲ್ಲೊಬ್ಬ ನ್ಯೂಪೋರ್ 17ರ ಫೋಟೋ ತಂದ. ಕೆಳಗಿನ ರೆಕ್ಕೆ ಸಣ್ಣದು, ನಡುವೆ ಇಂಗ್ಲಿಷ್ ವಿ ಆಕಾರದ ಕಂಬ. ಎಲ್ಲರಿಗೂ ಗೊತ್ತು. ಆದ್ರೆ ಅದನ್ನ ಫ್ರೆಂಚರೂ ಹಾರಿಸಿದ್ರು, ಬ್ರಿಟಿಷರೂ ಹಾರಿಸಿದ್ರು. ಇದು ಯಾರದ್ದು ಅನ್ನೋದೇ ಪ್ರಶ್ನೆ. ದಾವಣಗೆರೆ ಎರಡು ಸೆಕೆಂಡ್ ನೋಡಿ "ಬ್ರಿಟಿಷ್" ಅಂದ. ಹೇಗೋ? ರೆಕ್ಕೆ ಮೇಲಿನ ಚಕ್ರದ ಗುರುತು ನೋಡಿ ಅಂದ. ಬ್ರಿಟಿಷರದ್ದು ನಡುವೆ ಕೆಂಪು, ಹೊರಗೆ ನೀಲಿ. ಫ್ರೆಂಚರದ್ದು ಉಲ್ಟಾ. ಕಪ್ಪು-ಬಿಳುಪಿನಲ್ಲಿ ಕೆಂಪು, ನೀಲಿ ಹೇಗೆ ಗೊತ್ತಾಗುತ್ತೆ? ಆಗಿನ ಫಿಲ್ಮಿಗೆ ಕೆಂಪು ಬೆಳಕು ತಾಗ್ತಾನೇ ಇರಲಿಲ್ಲ, ಅದಕ್ಕೇ ಕೆಂಪು ಕಪ್ಪಾಗಿ ಬೀಳುತ್ತೆ, ನೀಲಿ ಬೆಳ್ಳಗೆ ಬೀಳುತ್ತೆ ಅಂದ. ಇದರಲ್ಲಿ ನಡುವಿನ ಬೊಟ್ಟು ಕಪ್ಪಗಿತ್ತು, ಹೊರಗಿನ ಬಳೆ ತೆಳು ಬೂದು.

"ಅಂದ್ರೆ ಫಿಲ್ಮೇ ಕಲರ್ ಬ್ಲೈಂಡ್ ಅನ್ನು" ಅಂತ ನಾವು ಜೋಕ್ ಮಾಡಿದ್ವಿ.

"ಹೂಂ. ನನ್ ಥರ" ಅಂದ.

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದ. ಸೆಕೆಂಡ್ ಪಿಯು ಆದಮೇಲೆ ಎನ್‌ಡಿಎ ಬರೆದಿದ್ದ. ಪಾಸಾಗಿದ್ದ. ಐದು ದಿನದ ಇಂಟರ್ವ್ಯೂನೂ ದಾಟಿದ್ದ. ಮೆಡಿಕಲ್‌ನಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ಕೊಟ್ಟು ನಂಬರ್ ಓದು ಅಂದ್ರಂತೆ. "ಅವರು ಪುಟ ತಿರುಗಿಸ್ತಾ ಹೋದ್ರು. ನನಗೆ ಬರೀ ಚುಕ್ಕಿ ಕಾಣ್ತು. ಹೊರಗೆ ಅಪ್ಪ ಕಾಯ್ತಾ ಇದ್ರು." ಅದುವರೆಗೂ ಅವನಿಗಾಗಲಿ ಮನೆಯವರಿಗಾಗಲಿ ಗೊತ್ತೇ ಇರಲಿಲ್ಲ. ಫಿಲ್ಮಿನ ತೊಂದರೆಯೂ ತನ್ನದೂ ಒಂದೇ ಅಲ್ಲ ಅಂತಲೂ ಸೇರಿಸಿದ. ಆ ಹೊತ್ತಿನಲ್ಲೂ ನಮ್ಮ ಫಿಸಿಕ್ಸ್ ತಿದ್ದಿದ.

ನಮಗೆ ಫಸ್ಟ್ ಇಯರ್ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೆನಪಾಯ್ತು. ರೆಸಿಸ್ಟರ್‌ನ ಬಣ್ಣದ ಪಟ್ಟಿ ಓದೋಕೆ ಅವನು ಪ್ರತಿ ಸಲ ನಮ್ಮ ಕೈಗೆ ಕೊಡ್ತಿದ್ದ. "ಸಾಹೇಬ್ರಿಗೆ ಅದೂ ಓದಿ ಹೇಳಬೇಕು" ಅಂತ ಇಡೀ ಬ್ಯಾಚ್ ಮುಂದೆ ರೇಗಿಸಿದ್ವಿ. ಅವನೂ ನಗ್ತಿದ್ದ. ಎರಡು ಸೆಮಿಸ್ಟರ್ ಆ ಹೆಸರಲ್ಲೇ ಕರೆದ್ವಿ. ನೂರು ವರ್ಷ ಹಳೇ ಫೋಟೋದಲ್ಲಿ ರಡ್ಡರ್ ಆಕಾರ ಹುಡುಕುವ ನಮಗೆ ಪಕ್ಕದ ಮಂಚದವನ ವಿಷಯ ಕಂಡಿರಲಿಲ್ಲ. ಸಾರಿ ಅನ್ನೋಕೂ ಸರಿಯಾಗಿ ಬರಲಿಲ್ಲ. "ಟೀಗೆ ಹೋಗೋಣ ಬಾರೋ" ಅಂದ್ವಿ. "ಗೆದ್ದಿದ್ದು ನಾನಲ್ವಾ, ಟೀ ಹೆಂಗೆ ಬರುತ್ತೆ? ಮುಂದಿನ ಫೋಟೋ ನಂದು" ಅಂದ. ಆದ್ರೂ ಬಂದ. ಬನ್ ಎರಡು ತಿಂದ.

ಆ ಮುಂದಿನ ಫೋಟೋ ಈಗ ನಮ್ಮ ರೂಮಿನ ಬಾಗಿಲ ಹಿಂದೆ ಅಂಟಿಸಿದೆ. ಹತ್ತು ದಿನ ಆಯ್ತು. ಒಂದೇ ಸೀಟು, ಎಂಜಿನ್ ಹಿಂದೆ, ಬಾಲಕ್ಕೆ ಹೋಗುವ ನಾಲ್ಕು ಉದ್ದ ಕಡ್ಡಿ. ಡಿ.ಎಚ್.2 ಅಂದ್ವಿ, ಅಲ್ಲವಂತೆ. ಎಫ್.ಇ.8 ಅಂದ್ವಿ, ಅದೂ ಅಲ್ಲ. ರೆಕ್ಕೆ ಮೇಲಿನ ಬೊಟ್ಟು ಕಪ್ಪಗಿದೆ, ಅಂದ್ರೆ ಬ್ರಿಟಿಷ್ ಅನ್ನೋದಷ್ಟೇ ಖಾತ್ರಿ. ಓದುಗರಲ್ಲಿ ಯಾರಿಗಾದ್ರೂ ಗೊತ್ತಾದ್ರೆ ದಯವಿಟ್ಟು ರೂಮಿಗೆ ಬಂದು ನೋಡಿ ಹೇಳಿ. ಅವನು ಸ್ನಾನಕ್ಕೆ ಹೋಗಿರೋ ಟೈಮಲ್ಲಿ ಬಂದ್ರೆ ಒಳ್ಳೇದು.