ಕೆರೆಯೂ ನುಡಿಯೂ

ಪರಊರಿನ ಅತಿಥಿಗಳು ಧಾರವಾಡಕ್ಕೆ ಬಂದರೆ ಅವರನ್ನು ಸಾಧನಕೇರಿಗೆ ಕರೆದೊಯ್ಯುವದು ನಮ್ಮಲ್ಲಿ ರೂಢಿಯೇ ಆಗಿರುವದು. ವರಕವಿ ಬೇಂದ್ರೆಯವರು ತಮ್ಮ ಕವಿತೆಯೊಂದರಲ್ಲಿ ಈ ಕೇರಿಯ ಹೆಸರು ಹಿಡಿದೇ ನಮ್ಮನ್ನು ಕರೆದಿರುವಾಗ ಹೋಗದಿರುವದೆಂತು? ಕೆರೆಯನ್ನೂ, ಸಮೀಪದ ಕವಿಯ ಮನೆಯನ್ನೂ, ಬೇಂದ್ರೆ ಭವನವನ್ನೂ ಕಂಡು ಬಂದವರು ತೃಪ್ತರಾಗುವರು. ಆದರೆ ಇಷ್ಟು ಕಂಡರೆ ಆ ಕಾವ್ಯದೊಳಗಿನ ಧಾರವಾಡವನ್ನು ಕಂಡಂತಾಯಿತೇ ಎಂಬ ಸಂಶಯವು ನನ್ನನ್ನು ಬಿಡದು.

ಇಂಗ್ಲೆಂಡಿನ ಡಾರ್ಚೆಸ್ಟರ್ ಎಂಬ ಊರಿಗೂ ಇಂತಹದೇ ಸಾಹಿತ್ಯಭಾಗ್ಯವುಂಟು. ಥಾಮಸ್ ಹಾರ್ಡಿಯು ಅದನ್ನು ಕ್ಯಾಸ್ಟರ್‌ಬ್ರಿಜ್ ಎಂಬ ಹೆಸರಿನಿಂದ ತನ್ನ 1886ರ ಕಾದಂಬರಿಯಲ್ಲಿ ಚಿತ್ರಿಸಿದನು. ತರುಣನಾಗಿ ಅವನು ವಾಸ್ತುಶಿಲ್ಪವನ್ನು ಕಲಿಯುತ್ತಿದ್ದ ಕಚೇರಿಯ ಮಗ್ಗುಲಲ್ಲಿಯೇ ವಿಲಿಯಂ ಬಾರ್ನ್ಸ್ ಎಂಬ ಮಾಸ್ತರನು ಶಾಲೆಯನ್ನು ನಡೆಸುತ್ತಿದ್ದನು. ಈ ಬಾರ್ನ್ಸನು ಡಾರ್ಸೆಟ್ ಪ್ರಾಂತದ ಆಡುನುಡಿಯಲ್ಲಿಯೇ ಕವಿತೆಗಳನ್ನು ರಚಿಸಿ 1844ರಲ್ಲಿ ಪ್ರಕಟಿಸಿದನು; ತಿಳಿಯದವರಿಗಾಗಿ ಪದಕೋಶವನ್ನೂ ಜೋಡಿಸಿದನು. ಅವನು ತೀರಿದ ಮೂರು ವರ್ಷಕ್ಕೆ, 1889ರಲ್ಲಿ, ಆ ಊರಿನಲ್ಲಿ ಅವನ ಪ್ರತಿಮೆಯು ನಿಂತಿತು. ಆದರೆ 1908ರಲ್ಲಿ ಅವನ ಕವಿತೆಗಳನ್ನು ಆಯ್ದು ಪ್ರಕಟಿಸಿದ ಹಾರ್ಡಿಯು, ಶಿಕ್ಷಣವು ಹಬ್ಬಿದಂತೆಲ್ಲ ಆ ನುಡಿಯ ಸೊಗಸಾದ ಮಾತುಗಳು ವರ್ಷವರ್ಷಕ್ಕೂ ಅಳಿಯುತ್ತಿರುವವೆಂದು ಮುನ್ನುಡಿಯಲ್ಲಿ ಮರುಗಿದನು.

ಬೇಂದ್ರೆಯವರೂ ಮಾಸ್ತರರೇ. 1896ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಮನೆಮಾತು ಮರಾಠಿ. ಅವರ ಕಾವ್ಯದಲ್ಲಿ ಕುಣಿಯುವ ಕನ್ನಡವಾದರೋ ಈ ಊರ ಓಣಿಯದು, ಸಂತೆಯದು, ಲಾವಣಿಕಾರರದು. ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟ 1964ರ ಸಂಕಲನದ ಹೆಸರನ್ನೇ ನೋಡಿರಿ: ಅದು ‘ನಾಕು ತಂತಿ’, ‘ನಾಲ್ಕು ತಂತಿ’ಯಲ್ಲ. ಆ ಲಕಾರವು ಬಿದ್ದುಹೋದ ಎಡೆಯಲ್ಲಿಯೇ ಧಾರವಾಡವು ನೆಲೆಸಿದೆ.

ಕಳೆದ ಶ್ರಾವಣದಲ್ಲಿ ನನ್ನ ಮೊಮ್ಮಗಳು ಪುಸ್ತಕವನ್ನು ಹಿಡಿದು ಬಂದು, “ಅಜ್ಜಾ, ಪಾತರಗಿತ್ತಿ ಅಂದರೆ ಏನು?” ಎಂದು ಕೇಳಿದಳು. ಅವಳು ಹುಟ್ಟಿ ಬೆಳೆದುದು ಈ ಊರಿನಲ್ಲಿಯೇ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅವಳ ಅಜ್ಜಿಯು, “ಬಟರ್‌ಫ್ಲೈ ನೋಡವಾ, ಹಿತ್ತಲದಾಗ ಹಾರತಾವಲ್ಲ” ಎಂದಳು. ಮಗುವಿಗೆ ಒಡನೆ ತಿಳಿಯಿತು. ಧಾರವಾಡದ ಮಗುವಿಗೆ ಧಾರವಾಡದ ಶಬ್ದದ ಅರ್ಥವು ಇಂಗ್ಲಿಷಿನ ಮೂಲಕ ದೊರೆತುದನ್ನು ಕಂಡು ನಗಬೇಕೋ ಅಳಬೇಕೋ ನನಗೆ ತಿಳಿಯದಾಯಿತು.

ಗ್ರಂಥಭಾಷೆಯು ಬೇಡವೆಂದು ನನ್ನ ವಾದವಲ್ಲ. ಇದನ್ನು ಬರೆಯುತ್ತಿರುವದೂ ಅದರಲ್ಲಿಯೇ. ಆದರೆ ಸುಶಿಕ್ಷಿತರಾದ ನಾವು ನಾಲ್ಕು ಜನರೆದುರಿಗೆ ‘ಬರತೇನಿ, ಹೋಗತೇನಿ’ ಎನ್ನಲು ನಾಚುವೆವು. ಹಾಗೆಂದ ಮಕ್ಕಳನ್ನು ತಿದ್ದುವೆವು. ಕೆರೆಯ ಹೂಳನ್ನು ತೆಗೆಯಿಸಬಹುದು, ದಂಡೆಯನ್ನು ಕಟ್ಟಿಸಬಹುದು. ಅದಕ್ಕೆ ಸರಕಾರವುಂಟು, ಸಂಸ್ಥೆಗಳುಂಟು. ಮನೆಯೊಳಗಿನ ಮಾತನ್ನು ಮನೆಯವರಲ್ಲದೆ ಇನ್ನಾರು ಕಾಯಬೇಕು? ಅದು ಹೋದರೆ ನಮ್ಮ ಕವಿಯನ್ನು ನಾವೇ ಪದಕೋಶವನ್ನಿಟ್ಟುಕೊಂಡು ಓದುವ ಕಾಲವು ಬಂದೀತು.

ಈಗ ನಮ್ಮಲ್ಲಿ ರಾತ್ರಿಯ ಊಟವಾದ ಮೇಲೆ ಅಜ್ಜಿಯು ಕಥೆ ಹೇಳುವಳು, ತನ್ನ ಮಾತಿನಲ್ಲಿಯೇ. ಮೊಮ್ಮಗಳು ನಡುನಡುವೆ ತಡೆದು ಅರ್ಥವನ್ನು ಕೇಳುವದು ದಿನದಿನಕ್ಕೆ ಕಡಿಮೆಯಾಗುತ್ತಿರುವದು.