ನಕ್ಷತ್ರಲೋಕದ ಮನೆವಾರ್ತೆ

ಐವತ್ತು ದಾಟಿದ ಹೆಂಗಸು ಕಂಪ್ಯೂಟರ್ ಮುಂದೆ ಕೂತು ಆಟವಾಡಿದರೆ ನೋಡಿದವರು ನಗುತ್ತಾರೆ. ಯಲಹಂಕದ ನಮ್ಮ ಬೀದಿಯಲ್ಲೂ ನಕ್ಕಿದ್ದಾರೆ. ನಗಲಿ ಬಿಡಿ. ಪರದೇಶದಲ್ಲಿರುವ ಮಗನಿಗೆ ಫೋನ್ ಮಾಡಿ, 'ಊಟ ಆಯ್ತೇನೋ? ಚಳಿ ಹೇಗಿದೆ?' ಎಂದು ಕೇಳಿದ ಮೇಲೆ ಇಬ್ಬರಿಗೂ ಮಾತೇ ಉಳಿಯುತ್ತಿರಲಿಲ್ಲ. ಅವನಾಡುವ 'ಸ್ಟೆಲ್ಲಾರಿಸ್' ಎಂಬ ಆಟ ಕಲಿತ ಮೇಲೆ ಭಾನುವಾರದ ಎರಡು ಗಂಟೆ ಸಾಲುತ್ತಿಲ್ಲ. ಕಲಿಯುವ ಆಸೆಯಿರುವ ಸೋದರಿಯರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2016ರಲ್ಲಿ ಹೊರತಂದ ಆಟವಿದು. ಕಥೆ ಶುರುವಾಗುವುದು 2200ನೇ ಇಸವಿಯಲ್ಲಿ. ಸಾಮಾನ್ಯವಾಗಿ ಕೈಯಲ್ಲಿರುವುದು ಜನ ವಾಸಿಸುವ ಒಂದು ಗ್ರಹ, ಹುಡುಕಾಟಕ್ಕೊಂದು ನೌಕೆ, ಕಟ್ಟುವುದಕ್ಕೊಂದು ನೌಕೆ, ಪುಟ್ಟದೊಂದು ಪಡೆ. ಪರದೆಯ ತುಂಬ ಅಂಕಿಗಳನ್ನು ಕಂಡು ಎದ್ದು ಹೋಗಬೇಡಿ. ಇದೂ ಮನೆವಾರ್ತೆಯೇ, ಅಂಗಳ ಮಾತ್ರ ದೊಡ್ಡದು.

ಮೊದಲು ಸ್ಪೇಸ್ ಬಾರ್ ಒತ್ತುವುದನ್ನು ಕಲಿಯಿರಿ. ಕಾಲ ಅಲ್ಲಿಗೇ ನಿಲ್ಲುತ್ತದೆ. ನಿಧಾನವಾಗಿ ಯೋಚಿಸಿ, ಹೇಳಬೇಕಾದ ಕೆಲಸ ಹೇಳಿ, ಮತ್ತೆ ಒತ್ತಿ. ಇಂಥ ಭಾಗ್ಯ ನಮಗೆ ಅಡುಗೆಮನೆಯಲ್ಲಿ ಎಂದಾದರೂ ಸಿಕ್ಕಿತ್ತೇ?

ಎರಡನೆಯದು, ಪರದೆಯ ನೆತ್ತಿಯ ಮೇಲಿನ ಸಾಲು. ವಿದ್ಯುತ್ತು, ಖನಿಜ, ಆಹಾರ, ಮಿಶ್ರಲೋಹ, ಬಳಕೆಯ ಸಾಮಾನು ಎಷ್ಟಿದೆ, ತಿಂಗಳಿಗೆ ಎಷ್ಟು ಹೆಚ್ಚುತ್ತದೆ, ಎಷ್ಟು ಕರಗುತ್ತದೆ ಎಂಬ ಲೆಕ್ಕ ಅಲ್ಲಿದೆ. ಕರಗುತ್ತಿರುವುದನ್ನು ಮೊದಲು ಸರಿಪಡಿಸಿ. ಹೆಚ್ಚಾದದ್ದನ್ನು ಮಾರಿ ಬೇಕಾದದ್ದನ್ನು ಕೊಳ್ಳಲು ಸಂತೆಯೂ ಉಂಟು. ಆದರೆ ಒಂದೇ ಸಲಕ್ಕೆ ಮೂಟೆಗಟ್ಟಲೆ ಕೊಂಡರೆ ಬೆಲೆ ಏರುತ್ತದೆ.

ಮೂರನೆಯದು, ಕಂಡ ನಕ್ಷತ್ರಕ್ಕೆಲ್ಲ ಬೇಲಿ ಹಾಕಲು ಹೋಗಬೇಡಿ. ಪ್ರತಿ ಹೊಸ ಠಾಣೆಗೂ ಮಿಶ್ರಲೋಹ ಬೇಕು, 'ಪ್ರಭಾವ'ವೂ ಬೇಕು. ಈ ಪ್ರಭಾವ ಕೂಡುವುದು ಬಹಳ ನಿಧಾನ. ದಾರಿಗಳು ಕೂಡುವ ಜಾಗವನ್ನೇ ಮೊದಲು ಹಿಡಿಯಿರಿ. ನಮ್ಮ ಹೆಬ್ಬಾಳವನ್ನೇ ನೋಡಿ: ಊರಿನೊಳಗಿಂದ ಯಲಹಂಕಕ್ಕೋ ವಿಮಾನ ನಿಲ್ದಾಣಕ್ಕೋ ಹೊರಟವರಲ್ಲಿ ಬಹುಪಾಲು ಆ ಫ್ಲೈಓವರ್ ದಾಟಲೇಬೇಕು. ಆಕಾಶದಲ್ಲಿ ಅಂಥದೊಂದು ಹೆಬ್ಬಾಳ ಹುಡುಕಿ ಅಲ್ಲಿ ಕೋಟೆ ಕಟ್ಟಿದರೆ ಒಳಗಿನ ಗ್ರಹಗಳು ನೆಮ್ಮದಿಯಾಗಿರುತ್ತವೆ.

ಹೊಸ ಗ್ರಹದಲ್ಲಿ ಜನರನ್ನು ನೆಲೆಗೊಳಿಸುವುದು ಮಗಳಿಗೆ ಬೇರೆ ಸಂಸಾರ ಹೂಡಿಕೊಟ್ಟ ಹಾಗೆ. ಕೆಲವು ವರ್ಷ ತವರಿನಿಂದಲೇ ಎಲ್ಲ ಹೋಗಬೇಕು. ಒಂದು ಕಾಲೂರಿದ ಮೇಲೆ ಇನ್ನೊಂದನ್ನು ಯೋಚಿಸಿ.

ಮೊದಲ ಸಲ ಎದುರಾಳಿಗಳ ಸಂಖ್ಯೆ ಕಡಿಮೆ ಇಟ್ಟುಕೊಳ್ಳಿ, ಸುಲಭದ ಮಟ್ಟ ಆರಿಸಿಕೊಳ್ಳಿ. ನಿಜವಾದ ಆಕಾಶವೂ ಅವಸರದವರಿಗೆ ಒಲಿಯುವುದಿಲ್ಲ. ಯಶವಂತಪುರದಾಚೆ ಪೀಣ್ಯದಲ್ಲಿರುವ ಇಸ್ರೋ ಕೇಂದ್ರದಿಂದ ಹಗಲಿರುಳು ಕಾದು ನಡೆಸಿದ ಮಂಗಳಯಾನ ಹೊರಟದ್ದು 2013ರ ನವೆಂಬರ್ 5ರಂದು, ಮಂಗಳನ ಕಕ್ಷೆ ಸೇರಿದ್ದು 2014ರ ಸೆಪ್ಟೆಂಬರ್ 24ರಂದು. ಅದೂ ಮೊದಲು ಭೂಮಿಯನ್ನೇ ಸುತ್ತಿ ಸುತ್ತಿ, ದೂರ ಹೆಚ್ಚಿಸಿಕೊಂಡು ಹೋದ ಪಯಣ.

ಕೊನೆಯದಾಗಿ, ತಿಳಿಯದ್ದನ್ನು ಮಕ್ಕಳನ್ನೇ ಕೇಳಿ. ನಾಚಿಕೆ ಬೇಡ. ಅವರಿಗೆ ಅಆಇಈ ತಿದ್ದಿಸಿದವರು ನಾವು; ಈಗ ಅವರು ನಮ್ಮ ಕೈಹಿಡಿದು ತಿದ್ದಿಸಲಿ. ಹೇಳಿಕೊಡುವ ಹೊತ್ತಿನಲ್ಲಿ ಮಕ್ಕಳು 'ಆಮೇಲೆ ಮಾಡ್ತೀನಮ್ಮಾ' ಎಂದು ಫೋನ್ ಇಡುವುದಿಲ್ಲ.